ಮುಹೂರ್ತವೂ ಬೇಕು, ಮನೆಯೂ ಬೇಕು: ಮದುವೆ ಫೋಟೋಗ್ರಾಫರ್‌ಗಳಿಗೆ ಒಂದು ಮಾರ್ಗದರ್ಶಿ

ಮದುವೆ ಫೋಟೋಗ್ರಾಫರ್ ಮನೆಯಲ್ಲಿ ಬೇಸರ ಹುಟ್ಟುವುದು ಮುಹೂರ್ತದ ದಿನ ಅಲ್ಲ. ಆ ದಿನ ನೀವು ಇರುವುದಿಲ್ಲ ಅಂತ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಬೇಸರ ಶುರುವಾಗುವುದು ಮಾರನೇ ದಿನದಿಂದ. ಮನೆಗೆ ಬಂದಿರುತ್ತೀರಿ, ಆದರೆ ಕಂಪ್ಯೂಟರ್ ಮುಂದೆ ಕೂತಿರುತ್ತೀರಿ. ಮಗು ಪಕ್ಕಕ್ಕೆ ಬಂದು ಏನೋ ಹೇಳುತ್ತದೆ, ನೀವು ಪರದೆ ನೋಡುತ್ತಲೇ ಹೂಂಗುಟ್ಟುತ್ತೀರಿ. ಅಷ್ಟರಲ್ಲಿ ಫೋನ್: "ಸಾರ್, ನಮ್ಮ ಆಲ್ಬಮ್ ಎಲ್ಲಿಗೆ ಬಂತು?" ಆ ಆಲ್ಬಮ್ ಮುಗಿಯುವ ಮೊದಲೇ ಇನ್ನೂ ಮೂರು ಮದುವೆಯ ಫೋಟೋ ಡಿಸ್ಕ್‌ನಲ್ಲಿ ಬಂದು ಕೂತಿರುತ್ತವೆ.

ಮನೆಯ ಸಮಯ ತಿನ್ನುವುದು ಮದುವೆ ಅಲ್ಲ, ಮದುವೆ ಆದ ಮೇಲೆ ಉಳಿಯುವ ಕೆಲಸ. ಅದನ್ನು ಹಿಡಿತಕ್ಕೆ ತಂದುಕೊಂಡರೆ ಸೀಸನ್‌ನಲ್ಲೂ ಮನೆಯವರ ಜೊತೆ ಕೂತು ಊಟ ಮಾಡಬಹುದು. ನನ್ನ ಕೆಲಸ ಜಾಸ್ತಿ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ. ಬೆಂಗಳೂರಿನಲ್ಲಿ ರೇಟು ಬೇರೆ ಇರಬಹುದು, ಕೆಲಸದ ಕಷ್ಟ ಮಾತ್ರ ಒಂದೇ.

ಮೊದಲು ಪಂಚಾಂಗ ತನ್ನಿ

ಯುಗಾದಿಗೆ ಮುಂಚೆಯೇ ಹೊಸ ಪಂಚಾಂಗ ಅಂಗಡಿಗೆ ಬರುತ್ತದೆ. ಒಂಟಿಕೊಪ್ಪಲ್ ಪಂಚಾಂಗವೋ, ನಿಮ್ಮ ಊರಿನ ಪುರೋಹಿತರು ನೋಡುವ ಬೇರೆ ಪಂಚಾಂಗವೋ, ಯಾವುದಾದರೂ ಸರಿ. ಜೊತೆಗೆ ದೊಡ್ಡ ಚೌಕಗಳಿರುವ ಗೋಡೆ ಕ್ಯಾಲೆಂಡರ್ ಒಂದು. ಮೊಬೈಲ್ ಕ್ಯಾಲೆಂಡರ್ ಸಾಕಾಗುವುದಿಲ್ಲ. ಮನೆಯವರೆಲ್ಲರ ಕಣ್ಣಿಗೂ ಬೀಳುವ ಜಾಗದಲ್ಲಿ ಅದು ತೂಗಬೇಕು.

ಮೊದಲು ಮದುವೆ ಇಲ್ಲದ ದಿನಗಳಿಗೆ ಬಣ್ಣ ಹಚ್ಚಿ. ಆಷಾಢ, ಪಿತೃಪಕ್ಷ, ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗಿನ ಧನುರ್ಮಾಸ, ಗುರು ಅಥವಾ ಶುಕ್ರ ಅಸ್ತವಾಗಿರುವ ದಿನಗಳು. ಅಧಿಕ ಮಾಸ ಬಂದ ವರ್ಷ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಅಂದರೆ ಬೇಸಿಗೆ ಸೀಸನ್ ನಡುವೆಯೇ ತುಂಡಾಗುತ್ತದೆ. ಆದಾಯದ ಕಣ್ಣಿನಿಂದ ನೋಡಿದರೆ ಇದು ಪೆಟ್ಟು. ಆದರೆ ಮಕ್ಕಳ ಬೇಸಿಗೆ ರಜೆಯ ಕೊನೆಯ ದಿನಗಳು ನಮ್ಮಂಥವರ ಕೈಗೆ ಸಿಗುವುದು ಇಂಥ ವರ್ಷದಲ್ಲಿ ಮಾತ್ರ. ಉಳಿದ ವರ್ಷಗಳಲ್ಲಿ ಏಪ್ರಿಲ್, ಮೇ ಎಂದರೆ ಮಕ್ಕಳು ಮನೆಯಲ್ಲಿ, ನಾವು ಛತ್ರದಲ್ಲಿ.

ಹಾಗಾಗಿ ಕುಟುಂಬದ ಪ್ರವಾಸಕ್ಕೆ ಬೇಸಿಗೆ ರಜೆ ನೆಚ್ಚಿಕೊಳ್ಳಬೇಡಿ. ದಸರಾ ರಜೆ ಹಿಡಿಯಿರಿ. ಪಿತೃಪಕ್ಷ ಮುಗಿದ ಬೆನ್ನಿಗೇ ನವರಾತ್ರಿ ಬರುತ್ತದೆ, ಮದುವೆ ಕಡಿಮೆ, ಶಾಲೆಗೂ ರಜೆ. ವರ್ಷದಲ್ಲಿ ಇವೆರಡೂ ಕೂಡಿಬರುವ ಸಮಯ ಇದೊಂದೇ. ಕರಾವಳಿಯಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಧನುರ್ಮಾಸ ಖಾಲಿ ಅಂದುಕೊಳ್ಳಬೇಡಿ. ಕ್ರಿಸ್‌ಮಸ್‌ಗೆ ಗಲ್ಫ್‌ನಿಂದ ಊರಿಗೆ ಬಂದವರು ಡಿಸೆಂಬರ್ ಕೊನೆ, ಜನವರಿಯಲ್ಲಿ ಚರ್ಚ್ ಮದುವೆ ಇಟ್ಟುಕೊಳ್ಳುತ್ತಾರೆ.

ಆಮೇಲೆ ಮನೆಯ ದಿನಗಳನ್ನು ಬರೆಯಿರಿ, ಒಂದೇ ಒಂದು ಆರ್ಡರ್ ಬರೆಯುವ ಮುಂಚೆ. ಹುಟ್ಟುಹಬ್ಬ, ಅಪ್ಪ ಅಮ್ಮನ ಡಾಕ್ಟರ್ ಚೆಕಪ್, ತಿಥಿ, ಊರ ಜಾತ್ರೆ, ಶಾಲಾ ವಾರ್ಷಿಕೋತ್ಸವ, ಮಗಳು ಹತ್ತನೇ ಕ್ಲಾಸಿನಲ್ಲಿದ್ದರೆ ಪರೀಕ್ಷೆ ದಿನಗಳು. ಇವು ಬುಕ್ ಆದ ಡೇಟುಗಳು. ಯಾರಾದರೂ ಆ ದಿನಕ್ಕೆ ಕೇಳಿದರೆ "ಆವತ್ತು ಆಗಲೇ ಬುಕ್ ಆಗಿದೆ ಸಾರ್" ಅನ್ನಿ. ಅದು ಸುಳ್ಳಲ್ಲ. ಜಾಸ್ತಿ ದುಡ್ಡು ಕೊಡುತ್ತೇವೆ ಅಂದರೂ ಆ ಚೌಕ ಅಳಿಸಬೇಡಿ. ಒಂದು ಸಲ ಅಳಿಸಿದರೆ ಮನೆಯವರು ಆ ಕ್ಯಾಲೆಂಡರ್ ನಂಬುವುದನ್ನು ಬಿಡುತ್ತಾರೆ.

ವರ್ಷಕ್ಕೆ ಎಷ್ಟು ಮದುವೆ ಅಂತ ನೀವೇ ನಿರ್ಧರಿಸಿ

ರೇಟು ಇಡುವಾಗ ನಮ್ಮಲ್ಲಿ ಬಹಳ ಜನ ಪಕ್ಕದ ಸ್ಟುಡಿಯೋ ನೋಡುತ್ತಾರೆ. ಅವರು 60,000 ಅಂದರೆ ನಾವು 55,000. ಹೀಗೆ ಇಳಿಸಿದ ಪ್ರತಿ ರೂಪಾಯಿಯನ್ನೂ ಇನ್ನೊಂದು ಮದುವೆ ಹಿಡಿದು ತುಂಬಿಸಬೇಕು. ಆ ಇನ್ನೊಂದು ಮದುವೆಗೆ ಎರಡು ದಿನ ಛತ್ರ, ಅದರ ಮೇಲೆ ಒಂದು ವಾರ ಎಡಿಟಿಂಗ್.

ಲೆಕ್ಕ ಮನೆಯಿಂದ ಶುರುವಾಗಲಿ. ಉದಾಹರಣೆಗೆ ತಿಂಗಳ ಸಂಸಾರ ಖರ್ಚು 40,000 ಅಂದರೆ ವರ್ಷಕ್ಕೆ 4,80,000. ಶಾಲೆ ಫೀಸು ಮತ್ತು ಇನ್ಶೂರೆನ್ಸ್ 1,00,000. ಸ್ಟುಡಿಯೋ ಬಾಡಿಗೆ, ಕರೆಂಟು, ಇಂಟರ್ನೆಟ್ 1,20,000. ನಿಮ್ಮ ಕ್ಯಾಮೆರಾ, ಲೆನ್ಸ್, ಫ್ಲ್ಯಾಶ್, ಕಂಪ್ಯೂಟರ್ ಎಲ್ಲ ಸೇರಿ 5 ಲಕ್ಷದ್ದು, ಐದು ವರ್ಷಕ್ಕೆ ಬದಲಾಯಿಸಬೇಕು ಅಂದರೆ ವರ್ಷಕ್ಕೆ 1,00,000 ಎತ್ತಿಡಬೇಕು. ಒಟ್ಟು 8 ಲಕ್ಷ. ವರ್ಷಕ್ಕೆ 40 ಮದುವೆ ತೆಗೆದರೆ ಹುಡುಗರ ಸಂಬಳ, ಆಲ್ಬಮ್ ಪ್ರಿಂಟ್, ಡಿಸೈನರ್ ಖರ್ಚು ಕಳೆದು ಒಂದೊಂದರಲ್ಲೂ 20,000 ಕೈಯಲ್ಲಿ ಉಳಿಯಬೇಕು. 32 ಸಾಕು ಅಂದರೆ 25,000 ಉಳಿಯಬೇಕು.

ಈ ಲೆಕ್ಕವನ್ನು ಗಂಡ ಹೆಂಡತಿ ಇಬ್ಬರೂ ಕೂತು ಮಾಡಿ. ಎಂಟು ಮದುವೆ ಕಡಿಮೆ ಆದರೆ ಎಷ್ಟು ಭಾನುವಾರ ಮನೆಗೆ ಉಳಿಯುತ್ತದೆ, ಅದಕ್ಕೆ ಪ್ರತಿ ಮದುವೆಗೆ ಎಷ್ಟು ಜಾಸ್ತಿ ಕೇಳಬೇಕು ಅನ್ನುವುದು ಕಾಗದದ ಮೇಲೆ ಕಂಡ ಮೇಲೆ ಪಾರ್ಟಿಯವರ ಮುಂದೆ ರೇಟು ಹೇಳುವಾಗ ದನಿ ನಡುಗುವುದಿಲ್ಲ. ಇದು ನನ್ನ ಗಟ್ಟಿ ಅಭಿಪ್ರಾಯ: ಕಡಿಮೆ ರೇಟಿನ ವ್ಯತ್ಯಾಸವನ್ನು ಕೊನೆಗೆ ಕಟ್ಟುವುದು ಮನೆಯ ಮಕ್ಕಳೇ.

ತೆರಿಗೆ ವಿಷಯ ಒಂದು ಸಾಲಿನಲ್ಲಿ. ಕರ್ನಾಟಕದಲ್ಲಿ ಸೇವೆ ಕೊಡುವವರ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಮತ್ತು ಅದು ನೋಡುವುದು ಒಟ್ಟು ಬಿಲ್ಲಿನ ಹಣ, ಉಳಿದ ಲಾಭ ಅಲ್ಲ. ಉಳಿದದ್ದನ್ನು ಆಡಿಟರ್‌ಗೆ ಬಿಡಿ. ಆ ಫೀಸು ಕೊಡುವುದು ನಿಮ್ಮ ಮಾರ್ಚ್ ತಿಂಗಳ ರಾತ್ರಿಗಳನ್ನು ಉಳಿಸುತ್ತದೆ.

ಒಪ್ಪಂದ ಒಂದು ಹಾಳೆ ಇರಲಿ, ಇರಲೇಬೇಕು

ಪರಿಚಯದವರು, ನಂಬಿಕೆ ಅಂತ ಬಾಯಿ ಮಾತಿನಲ್ಲೇ ಆರ್ಡರ್ ಹಿಡಿಯುವುದು ನಮ್ಮ ಕಡೆ ಮಾಮೂಲು. ಆಮೇಲೆ ರಾತ್ರಿ ಒಂಬತ್ತಕ್ಕೆ ಫೋನಿನಲ್ಲಿ ವಾದ. ಕನ್ನಡದಲ್ಲೇ ಒಂದು ಹಾಳೆ ಬರೆದು ಇಬ್ಬರೂ ಸಹಿ ಹಾಕಿ. ಯಾವ ಯಾವ ಶಾಸ್ತ್ರಕ್ಕೆ ಬರುತ್ತೀರಿ ಅನ್ನುವುದನ್ನು ಹೆಸರು ಹಿಡಿದು ಬರೆಯಿರಿ. ಚಪ್ಪರ, ಅರಿಶಿನ, ವರಪೂಜೆ, ಆರತಕ್ಷತೆ, ಧಾರೆ, ಬೀಗರೂಟ. ಬರೆಯದೇ ಇದ್ದರೆ ಬೀಗರೂಟದ ದಿನ "ಬರ್ತೀರಲ್ವಾ?" ಅಂತ ಕೇಳೇ ಕೇಳುತ್ತಾರೆ.

ದುಡ್ಡಿಗೆ ಮೂರು ಹಂತ ಇಡಿ. ಡೇಟ್ ಹಿಡಿಯುವಾಗ ಅಡ್ವಾನ್ಸ್, ಮದುವೆಯ ಹಿಂದಿನ ದಿನದೊಳಗೆ ದೊಡ್ಡ ಭಾಗ, ಆಲ್ಬಮ್ ಕೊಡುವಾಗ ಸಣ್ಣ ಬ್ಯಾಲೆನ್ಸ್. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ, ಅರ್ಧ ದುಡ್ಡನ್ನು ಆಲ್ಬಮ್‌ಗೆ ಬಿಡುತ್ತಾರೆ. ಆಲ್ಬಮ್ ಆಗಬೇಕಾದರೆ ಪಾರ್ಟಿಯವರು ಸೆಲೆಕ್ಷನ್ ಕೊಡಬೇಕು, ಅಂದರೆ ಆಲ್ಬಮ್‌ಗೆ ಯಾವ ಯಾವ ಫೋಟೋ ಬೇಕು ಅಂತ ಆರಿಸಿ ಹೇಳಬೇಕು. ಮದುಮಗಳು ಗಂಡನ ಮನೆಗೆ ಹೋಗಿರುತ್ತಾಳೆ, ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋಗಿರುತ್ತಾನೆ, ಸೆಲೆಕ್ಷನ್ ಆರು ತಿಂಗಳು ಬರುವುದಿಲ್ಲ. ಅಲ್ಲಿಯವರೆಗೆ ನಿಮ್ಮ ದುಡ್ಡು ಅಲ್ಲೇ. ಅದಕ್ಕೆ ಹಾಳೆಯಲ್ಲಿ ಇದನ್ನೂ ಸೇರಿಸಿ: ಫೋಟೋ ಕೊಟ್ಟ 45 ದಿನದೊಳಗೆ ಸೆಲೆಕ್ಷನ್ ಬರದಿದ್ದರೆ ನಾವೇ ಆರಿಸಿ ಆಲ್ಬಮ್ ಮಾಡುತ್ತೇವೆ. ಡಿಸೈನ್ ಬದಲಾವಣೆ ಎರಡು ಸಲ ಮಾತ್ರ.

ಹಕ್ಕಿನ ವಿಷಯವೂ ಬರೆಯಿರಿ. ನಾನು ತೆಗೆದ ಫೋಟೋ, ನನ್ನದೇ ಅಂತ ಬಹಳ ಫೋಟೋಗ್ರಾಫರ್‌ಗಳು ಅಂದುಕೊಂಡಿರುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಮಾಲೀಕರು ತೆಗೆಸಿದವರು, ಬೇರೆ ಒಪ್ಪಂದ ಇಲ್ಲದಿದ್ದರೆ. ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಲು ಒಪ್ಪಿಗೆ ಇದೆಯೋ ಇಲ್ಲವೋ ಒಂದು ಸಾಲಿನಲ್ಲಿ ಬರೆಸಿಕೊಳ್ಳಿ. ಚಿಕ್ಕ ಮಕ್ಕಳ ಫೋಟೋ ಆದರೆ ಬರೆದು ಕೊಟ್ಟಿದ್ದರೂ ಅಪ್ಪ ಅಮ್ಮನನ್ನು ಇನ್ನೊಮ್ಮೆ ಕೇಳಿ.

ಡ್ರೋನ್ ಬೇಕು ಅನ್ನುವವರಿಗೆ ಬಾಡಿಗೆಗೆ ತರಿಸಿ ಕೊಡಿ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರಿದ ಡ್ರೋನನ್ನು ವ್ಯಾಪಾರಕ್ಕೆ ಹಾರಿಸಲು ಪೈಲಟ್ ಸರ್ಟಿಫಿಕೇಟ್ ಬೇಕು. ಅದು ಇರುವ ಹುಡುಗರನ್ನೇ ಕರೆಯಿರಿ.

ಎರಡು ದಿನ ಛತ್ರದಲ್ಲಿ

ಹಿಂದಿನ ಸಂಜೆ ಆರತಕ್ಷತೆ, ಬೆಳಗ್ಗೆ ಧಾರೆ. ಆರತಕ್ಷತೆ ಮುಗಿಯುವಾಗ ರಾತ್ರಿ ಹನ್ನೊಂದು. ಬ್ರಾಹ್ಮೀ ಮುಹೂರ್ತದ ಮದುವೆಯಾದರೆ ನಾಲ್ಕಕ್ಕೆ ಏಳಬೇಕು. ಈ ನಡುವೆ ಮನೆಗೆ ಹೋಗಿ ಬರುತ್ತೇನೆ ಅಂತ ಗಾಡಿ ಹತ್ತಬೇಡಿ. ಛತ್ರದಲ್ಲಿ ನಿಮ್ಮ ತಂಡಕ್ಕೆ ಒಂದು ರೂಮ್ ಬೇಕು ಅಂತ ಒಪ್ಪಂದದ ಹಾಳೆಯಲ್ಲೇ ಬರೆಯಿರಿ. ಮದುವೆ ಮುಗಿದ ಮಧ್ಯಾಹ್ನವೂ ಅಷ್ಟೇ. ಬಾಳೆ ಎಲೆ ಊಟ ಮಾಡಿ, ನಿದ್ದೆ ಇಲ್ಲದ ಕಣ್ಣಲ್ಲಿ ಹೈವೇ ಮೇಲೆ ಗಾಡಿ ಓಡಿಸುವುದಕ್ಕಿಂತ ಒಂದು ಗಂಟೆ ಅಲ್ಲೇ ಮಲಗಿ ಹೊರಡುವುದು ವಾಸಿ. ಮನೆಯಲ್ಲಿ ಕಾಯುವವರಿಗೆ ನೀವು ಬೇಗ ಬರುವುದಕ್ಕಿಂತ ಬರುವುದು ಮುಖ್ಯ.

ಊಟದ ವಿಷಯಕ್ಕೂ ಹಟ ಮಾಡಿ. ಫೋಟೋದವರು ಕೊನೇ ಪಂಕ್ತಿ ಅನ್ನುವ ಪದ್ಧತಿ ನಮ್ಮನ್ನು ನಲವತ್ತಕ್ಕೇ ಗ್ಯಾಸ್ಟ್ರಿಕ್ ಮಾತ್ರೆ ಹಿಡಿಯುವಂತೆ ಮಾಡಿದೆ. ಇಬ್ಬರಿದ್ದರೆ ಒಬ್ಬರು ಎರಡನೇ ಪಂಕ್ತಿಗೆ ಕೂರಲಿ, ಒಬ್ಬರು ಸ್ಟೇಜ್ ಮೇಲಿರಲಿ. ಮೊದಲೇ ಹುಡುಗಿಯ ತಂದೆಗೆ ಹೇಳಿದರೆ ಯಾರೂ ಬೇಡ ಅನ್ನುವುದಿಲ್ಲ.

ಮನೆಯಲ್ಲಿ ಪುಟ್ಟ ಮಗು ಇರುವ ಫೋಟೋಗ್ರಾಫರ್, ಅದರಲ್ಲೂ ಹೆಣ್ಣುಮಕ್ಕಳು, ಆರತಕ್ಷತೆಯನ್ನು ಜೊತೆಗಾರರಿಗೆ ಬಿಟ್ಟು ಧಾರೆ ಮಾತ್ರ ಹಿಡಿಯಬಹುದು. ಆರತಕ್ಷತೆಯಲ್ಲಿ ಸಾಲಾಗಿ ಬಂದು ನಿಲ್ಲುವ ಗುಂಪು ಫೋಟೋಗಳನ್ನು ಒಳ್ಳೆ ಜೊತೆಗಾರರು ತೆಗೆಯಬಲ್ಲರು. ಅಂತರಪಟ ಸರಿದು ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡುವ ಕ್ಷಣಕ್ಕೆ ನೀವೇ ಇರಬೇಕು.

ಮನೆಗೆ ಬಂದ ಮೊದಲ ಒಂದು ಗಂಟೆ

ಈ ಒಂದು ಗಂಟೆಯನ್ನು ಮನೆಯವರಿಂದ ಕೇಳಿ ಪಡೆಯಿರಿ. ಆಮೇಲೆ ಆ ದಿನ ಪೂರ್ತಿ ಅವರಿಗೆ ಬಿಡಿ.

ಕ್ಯಾಮೆರಾದಲ್ಲಿ ಎರಡು ಮೆಮೊರಿ ಕಾರ್ಡ್ ಜಾಗ ಇದ್ದರೆ ಎರಡರಲ್ಲೂ ಒಂದೇ ಫೋಟೋ ಬೀಳುವ ಹಾಗೆ ಮೊದಲೇ ಹೊಂದಿಸಿರಬೇಕು. ತುಂಬಿದ ಕಾರ್ಡನ್ನು ಡಬ್ಬಿಯಲ್ಲಿ ಮುಖ ಕೆಳಗೆ ಮಾಡಿ ಇಡಿ, ಖಾಲಿ ಕಾರ್ಡು ಮುಖ ಮೇಲೆ. ಗೊಂದಲವೇ ಇರುವುದಿಲ್ಲ. ಮನೆಗೆ ಬಂದ ತಕ್ಷಣ ಒಂದು ಫೋಲ್ಡರ್ ಮಾಡಿ: ತಾರೀಕು, ಊರು, ಹುಡುಗ ಹುಡುಗಿಯ ಹೆಸರು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್ (ಎಡಿಟ್ ಮಾಡದ ಮೂಲ ಫೈಲ್) ಸುಮಾರು 25 ಎಂಬಿ. 3,000 ಕ್ಲಿಕ್ ಆದರೆ 75 ಜಿಬಿ. ಕಾಪಿ ಆಗುವಷ್ಟರಲ್ಲಿ ಬ್ಯಾಗ್ ಬಿಚ್ಚಿ. ಲೆನ್ಸ್ ಹುಡ್ ಒಳಗೆ ಅಕ್ಷತೆ ಕಾಳು ಸಿಕ್ಕಿರುತ್ತದೆ, ಬಟನ್ ಸಂದಿಯಲ್ಲಿ ಅರಿಶಿನದ ಪುಡಿ ಇರುತ್ತದೆ. ಬ್ಲೋವರ್‌ನಿಂದ ಊದಿ, ಒಣ ಬ್ರಷ್‌ನಿಂದ ಉದುರಿಸಿ. ಒದ್ದೆ ಬಟ್ಟೆ ಹಾಕಿದರೆ ಅರಿಶಿನ ಅಂಟಿಕೊಳ್ಳುತ್ತದೆ. ಬ್ಯಾಟರಿ ಎಲ್ಲ ಚಾರ್ಜಿಗೆ.

ಆಮೇಲೆ ಎರಡನೇ ಡಿಸ್ಕ್‌ಗೆ ಇನ್ನೊಂದು ಕಾಪಿ. ಎರಡರಲ್ಲೂ ಫೈಲ್ ಎಣಿಕೆ ಒಂದೇ ಇದೆಯಾ ನೋಡಿ. ಮೊದಲಿನ ಒಂದು, ನಡುವಿನ ಒಂದು, ಕೊನೆಯ ಒಂದು ಫೋಟೋ ತೆರೆದು ನೋಡಿ. ಎರಡನೇ ಡಿಸ್ಕ್ ಸ್ಟುಡಿಯೋದಲ್ಲಿರಲಿ, ಇಲ್ಲವೇ ತಮ್ಮನ ಮನೆಯಲ್ಲಿರಲಿ, ಒಂದೇ ಮೇಜಿನ ಮೇಲೆ ಎರಡೂ ಬೇಡ. ಆಲ್ಬಮ್ ಪಾರ್ಟಿಯವರ ಕೈ ಸೇರುವವರೆಗೆ ಎರಡು ಡಿಸ್ಕ್‌ನ ಯಾವ ಕಾಪಿಯನ್ನೂ ಅಳಿಸಬೇಡಿ. ಕಾರ್ಡ್ ಫಾರ್ಮ್ಯಾಟ್ ಮಾಡುವುದು ಮುಂದಿನ ಮದುವೆಯ ಹಿಂದಿನ ದಿನ, ಕ್ಯಾಮೆರಾದಲ್ಲೇ.

ಮುಗಿಯಿತು. ಕಂಪ್ಯೂಟರ್ ಆಫ್ ಮಾಡಿ ಸ್ನಾನಕ್ಕೆ ಹೋಗಿ. ಚೆನ್ನಾಗಿ ಬಂದಿದೆಯಾ ಅಂತ ಸುಮ್ನೆ ಹತ್ತು ಫೋಟೋ ನೋಡಲು ಕೂತರೆ ರಾತ್ರಿ ಎರಡು ಗಂಟೆ ಆಗುತ್ತದೆ. ಈ ಆಸೆ ನಮ್ಮೆಲ್ಲರಿಗೂ ಇದೆ. ಅದಕ್ಕೇ ಹೇಳಿದೆ.

ಎಡಿಟಿಂಗ್‌ಗೆ ಹೊತ್ತು ಗೊತ್ತು ಇರಲಿ

ಮಕ್ಕಳು ಶಾಲೆಗೆ ಹೋದ ಮೇಲೆ ಶುರು, ಅವರು ಬರುವ ಹೊತ್ತಿಗೆ ನಿಲ್ಲಿಸಿ. ಸೀಸನ್‌ನಲ್ಲಿ ಸಾಲದೆ ಹೋದರೆ ಬೆಳಗಿನ ಜಾವ ಎರಡು ಗಂಟೆ ಸೇರಿಸಿ, ರಾತ್ರಿ ಬೇಡ. ರಾತ್ರಿ ದಣಿದ ಕಣ್ಣಿಗೆ ಚರ್ಮದ ಬಣ್ಣ ಸರಿಯಾಗಿ ಕಾಣುವುದಿಲ್ಲ, ಬೆಳಗ್ಗೆ ಎದ್ದು ಮತ್ತೆ ಅದೇ ಕೆಲಸ ಮಾಡಬೇಕಾಗುತ್ತದೆ.

ಮೂರನೇ ದಿನದೊಳಗೆ 30-40 ಒಳ್ಳೆ ಫೋಟೋ ಸರಿಮಾಡಿ ಕಳಿಸಿಬಿಡಿ. ಮದುವೆ ಮನೆಯವರಿಗೆ ಆ ವಾರ ಬೇಕಾಗಿರುವುದು ಅಷ್ಟೇ: ವಾಟ್ಸಾಪ್ ಸ್ಟೇಟಸ್‌ಗೆ, ಡಿಪಿಗೆ. ಅದು ಸಿಕ್ಕರೆ ಅವರು ನೆಮ್ಮದಿಯಾಗಿರುತ್ತಾರೆ, ನಿಮ್ಮ ಫೋನೂ ಸುಮ್ಮನಿರುತ್ತದೆ. ಉಳಿದದ್ದಕ್ಕೆ ಒಂದು ತಾರೀಕು ಹೇಳಿ, ನಿಮಗೆ ಆಗುವುದಕ್ಕಿಂತ ಒಂದು ವಾರ ಹೆಚ್ಚಿಗೆ ಇಟ್ಟು.

ಆರಿಸುವಾಗ ಎರಡು ಸುತ್ತು ಸಾಕು. ಮೊದಲ ಸುತ್ತಿನಲ್ಲಿ ಕಣ್ಣು ಮುಚ್ಚಿದ್ದು, ಫೋಕಸ್ ತಪ್ಪಿದ್ದು ಪಕ್ಕಕ್ಕೆ. ಎರಡನೇ ಸುತ್ತಿನಲ್ಲಿ ಒಂದೇ ತರಹದ ಐದರಲ್ಲಿ ಒಂದು. ಆಲ್ಬಮ್ ಡಿಸೈನ್, ಬಣ್ಣ ಸರಿಮಾಡುವುದು ಹೊರಗೆ ಕೊಡಬಹುದು. 12x36 ಇಂಚಿನ ಹಾಳೆಯ ಲೆಕ್ಕದಲ್ಲಿ ಡಿಸೈನ್ ಮಾಡಿಕೊಡುವವರು ಈಗ ಎಲ್ಲ ಜಿಲ್ಲೆಯಲ್ಲೂ ಇದ್ದಾರೆ. ಆದರೆ ಆರಿಸುವ ಕೆಲಸ ಯಾರಿಗೂ ಕೊಡಬೇಡಿ. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅಜ್ಜಿ ಹುಡುಗಿಯ ಸ್ವಂತ ಅಜ್ಜಿ ಅಂತ ಡಿಸೈನರ್‌ಗೆ ಗೊತ್ತಿರುವುದಿಲ್ಲ. ಮದುವೆಗೆ ಮುಂಚೆಯೇ ಎರಡೂ ಮನೆಯವರಿಂದ ಹಿರಿಯರ ಪಟ್ಟಿ ತೆಗೆದುಕೊಂಡು ಧಾರೆಗೆ ಮೊದಲೇ ಅವರ ಫೋಟೋ ಮುಗಿಸಿ. ಎಷ್ಟೋ ಮನೆಗಳಲ್ಲಿ ಆ ಹಿರಿಯರದ್ದು ಅಂತ ಉಳಿಯುವ ಕೊನೆಯ ಒಳ್ಳೆ ಫೋಟೋ ಅದೇ.

ಫೋನಿಗೆ ಎರಡು ನಂಬರ್ ಇಟ್ಟುಕೊಳ್ಳಿ, ಕೆಲಸದ್ದು ರಾತ್ರಿ ಎಂಟಕ್ಕೆ ಆಫ್. ಪ್ರತಿ ಶನಿವಾರ ಬಾಕಿ ಇರುವ ಎಲ್ಲ ಪಾರ್ಟಿಗೂ ಒಂದು ಸಾಲಿನ ಮೆಸೇಜ್: "ಸೆಲೆಕ್ಷನ್ ಬಂದಿದೆ, ಡಿಸೈನ್ ನಡೀತಿದೆ, 20ಕ್ಕೆ ನೋಡಲು ಕಳಿಸುತ್ತೇವೆ." ನೀವೇ ಮೊದಲು ಹೇಳಿದರೆ ಅವರು ಕೇಳುವುದಿಲ್ಲ.

ಮನೆಯವರ ಕೆಲಸಕ್ಕೂ ಸಂಬಳ

ಸ್ಟುಡಿಯೋ ನಡೆಯುವುದು ಒಬ್ಬರಿಂದ ಅಲ್ಲ. ಎಷ್ಟೋ ಮನೆಗಳಲ್ಲಿ ಅಡ್ವಾನ್ಸ್ ಬರೆದುಕೊಳ್ಳುವವರು, ಬಂದವರಿಗೆ ಆಲ್ಬಮ್ ಮಾದರಿ ತೋರಿಸುವವರು, ಕಾಫಿ ಕೊಡುವವರು ಹೆಂಡತಿ. ಅದನ್ನು ಸಹಾಯ ಅಂತ ಕರೆಯಬೇಡಿ. ತಿಂಗಳಿಗೆ ಇಷ್ಟು ಅಂತ ಅವರ ಬ್ಯಾಂಕ್ ಖಾತೆಗೇ ಹಾಕಿ, ರೇಟು ಲೆಕ್ಕದಲ್ಲಿ ಅದನ್ನೂ ಸೇರಿಸಿ. ಪಾರ್ಟಿಯವರು ಮನೆಗೇ ಬರುವ ಹಾಗಿದ್ದರೆ ವಾರದಲ್ಲಿ ಎರಡು ದಿನ, ಇಂತಿಷ್ಟು ಹೊತ್ತು ಅಂತ ಹೇಳಿ. ಹಾಲ್‌ನಲ್ಲಿ ಅಪರಿಚಿತರು ಕೂತಿರುವಾಗ ಮಕ್ಕಳು ಓದುವುದಾದರೂ ಎಲ್ಲಿ?

ಇನ್ನು ನೆಂಟರ ಮದುವೆ. "ನಮ್ಮವರೇ ಇದ್ದಾರಲ್ಲ, ಬೇರೆಯವರು ಯಾಕೆ?" ಅಂತ ಬಂದೇ ಬರುತ್ತದೆ. ದೂರದ ನೆಂಟರಾದರೆ ಮಾಮೂಲು ಆರ್ಡರ್ ತರಹ ಮಾಡಿ. ನಿಮ್ಮ ತಂಗಿಯದ್ದೋ, ಹೆಂಡತಿಯ ತಮ್ಮನದ್ದೋ ಮದುವೆಯಾದರೆ ಕ್ಯಾಮೆರಾ ಮುಟ್ಟಬೇಡಿ. ನಿಮ್ಮ ಸ್ನೇಹಿತ ಫೋಟೋಗ್ರಾಫರ್ ಒಬ್ಬರನ್ನು ಕರೆಸಿ, ಅದನ್ನೇ ನಿಮ್ಮ ಉಡುಗೊರೆ ಅನ್ನಿ. ಭಾವ ಅಂತ ನೀವು ಮಂಟಪದಲ್ಲಿ ನಿಲ್ಲಬೇಕಾದ ಶಾಸ್ತ್ರಗಳಿರುತ್ತವೆ. ನೀವೂ ಫೋಟೋದಲ್ಲಿ ಇರಬೇಕು ಅಲ್ವಾ?

ಆಷಾಢದ ಕೆಲಸಗಳು

ಆಷಾಢ ಬಂತು ಅಂದರೆ ಕೈಯಲ್ಲಿ ದುಡ್ಡು ಕಡಿಮೆ, ಸಮಯ ಜಾಸ್ತಿ. ಬೇಸಿಗೆ ಸೀಸನ್‌ನ ಪ್ರತಿ ಆರ್ಡರ್‌ನಿಂದ ಒಂದು ಭಾಗ ಬೇರೆ ಖಾತೆಗೆ ಹಾಕಿದ್ದರೆ ಈ ತಿಂಗಳು ಸಾಲ ಮಾಡಬೇಕಾಗಿಲ್ಲ. ಸೀಮಂತ, ನಾಮಕರಣ, ಅಂಗಡಿಯವರಿಗೆ ವಸ್ತುಗಳ ಫೋಟೋ, ಇವೆಲ್ಲ ಹಗಲಿನ ಕೆಲಸ, ಸಂಜೆ ಮನೆಗೆ ಬರಬಹುದು.

ಮಲೆನಾಡು, ಕರಾವಳಿಯವರಿಗೆ ಇದು ಫಂಗಸ್ ಕಾಲ. ಒಂದು ಮಳೆಗಾಲ ಬ್ಯಾಗಿನಲ್ಲೇ ಬಿಟ್ಟ ಲೆನ್ಸ್ ಒಳಗೆ ಬಿಳಿ ಬೇರಿನಂಥ ಎಳೆ ಹಬ್ಬುತ್ತದೆ. ಟಾರ್ಚ್ ಹಿಡಿದು ಹಿಂದಿನಿಂದ ನೋಡಿದರೆ ಕಾಣುತ್ತದೆ. ಡ್ರೈ ಕ್ಯಾಬಿನೆಟ್ ಇದ್ದರೆ ತೇವಾಂಶ ಶೇಕಡಾ 40ರಿಂದ 50ರ ನಡುವೆ ಇಡಿ. ಇಲ್ಲದಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಕಾಳು. ಕಾಳಿನ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಕ್ಯಾಮೆರಾ ಸರ್ವೀಸ್‌ಗೆ ಕಳಿಸುವುದೂ ಈಗಲೇ. ಉಪಕರಣದ ಇನ್ಶೂರೆನ್ಸ್, ಮನೆಯವರ ಆರೋಗ್ಯ ವಿಮೆ, ನಿಮ್ಮ ಹೆಸರಿನ ಟರ್ಮ್ ಪಾಲಿಸಿ, ಮೂರರ ಕಂತೂ ಕಟ್ಟಿದೆಯಾ ನೋಡಿಕೊಳ್ಳಿ.

ಕೊನೆಯದಾಗಿ ಒಂದು ದಪ್ಪ ನೋಟ್‌ಬುಕ್. ಒಂದೊಂದು ಆರ್ಡರ್‌ಗೆ ಒಂದು ಪುಟ: ಪಾರ್ಟಿಯವರ ಹೆಸರು, ನಂಬರ್, ಎಷ್ಟು ಬಂದಿದೆ, ಎಷ್ಟು ಬಾಕಿ, ಫೋಟೋ ಯಾವ ಡಿಸ್ಕ್‌ನಲ್ಲಿದೆ, ಆಲ್ಬಮ್ ಯಾವ ಡಿಸೈನರ್ ಹತ್ತಿರ ಇದೆ. ಕಂಪ್ಯೂಟರ್ ಪಾಸ್‌ವರ್ಡ್ ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿ. ನಿಮಗೆ ಡೆಂಗ್ಯೂ ಬಂದು ಹದಿನೈದು ದಿನ ಮಲಗಿದರೂ ಮುಂದಿನ ಭಾನುವಾರದ ಮದುವೆಗೆ ಯಾರನ್ನು ಕಳಿಸಬೇಕು ಅನ್ನುವುದು ಆ ಪುಸ್ತಕ ನೋಡಿದರೆ ತಿಳಿಯಬೇಕು. ಅದಕ್ಕೆ ಮೊದಲ ಪುಟದಲ್ಲೇ ನಿಮ್ಮ ಬದಲಿಗೆ ಹೋಗಬಲ್ಲ ಇಬ್ಬರು ಫೋಟೋಗ್ರಾಫರ್‌ಗಳ ಹೆಸರು ಬರೆದಿಡಿ. ಅವರ ಪುಸ್ತಕದಲ್ಲಿ ನಿಮ್ಮ ಹೆಸರು ಬರೆಸಿ.